ಅವ್ವನಿಗೆ ಸಾಲುವ ಬ್ಯಾಟರಿ

ನನ್ನ ಅಂಗಡಿಯಿಂದ ಬ್ಯಾಟರಿ ಒಯ್ದ ಗಿರಾಕಿ ಅದನ್ನು ವಾಪಸು ತಂದದ್ದಿಲ್ಲ. ಇದನ್ನು ನಾನು ಸ್ವಲ್ಪ ಜಂಬದಿಂದಲೇ ಹೇಳುತ್ತೇನೆ. ನಮ್ಮ ಕಡೆ ಟಾರ್ಚಿಗೆ ಬ್ಯಾಟರಿ ಅಂತಲೇ ಹೆಸರು. ಜಮಖಂಡಿಯ ಬಸ್ ನಿಲ್ದಾಣದ ಹಿಂದೆ ನನ್ನದೊಂದು ಎಲೆಕ್ಟ್ರಿಕ್ ಸಾಮಾನಿನ ಅಂಗಡಿ ಇದೆ. ಫ್ಯಾನು, ಬಲ್ಬು, ವೈರು ಎಲ್ಲ ಇದ್ದರೂ ಜನರ ಬಾಯಲ್ಲಿ ಅದು ‘ಬ್ಯಾಟರಿ ಮಲ್ಲಿನಾಥನ ಅಂಗಡಿ’. ಗಿರಾಕಿ ಮೆಟ್ಟಿಲು ಹತ್ತುವಾಗಲೇ ಅವನಿಗೆ ಯಾವುದು ಬೇಕೆಂದು ನನಗೆ ಗೊತ್ತಾಗುತ್ತದೆ. ಕಬ್ಬಿಗೆ ನೀರು ಹಾಯಿಸುವವನಿಗೆ ದೂರ ಹೋಗುವ ಬೆಳಕು ಬೇಡ, ಕಾಲ ಬುಡದಲ್ಲಿ ಅಗಲವಾಗಿ ಚೆಲ್ಲುವ ಬೆಳಕು ಬೇಕು; ಹಾವು ಇರುವುದು ಅಲ್ಲಿಯೇ. ಮುಧೋಳದ ಕಡೆಯಿಂದ ನಾಯಿ ಸಾಕುವವರು ಬಂದರೆ, ಬಿಟ್ಟೋಡಿದ ನಾಯಿಯನ್ನು ಹೊಲದ ಆ ತುದಿಯಲ್ಲಿ ಹುಡುಕುವಂಥ ಕಿರಿದಾದ, ಉದ್ದನೆಯ ಬೆಳಕು ಕೊಡಬೇಕು. ಇನ್ನು ಡಬ್ಬಿಯ ಮೇಲಿನ ಬೆಳಕಿನ ಅಳತೆಯ ಅಂಕಿ ಓದಿ “ಎಷ್ಟ ಲ್ಯೂಮೆನ್ ಐತಿ?” ಎಂದು ಕೇಳುವವರೊಡನೆ ಜಗಳಾಡುವುದು ನನ್ನ ಮಧ್ಯಾಹ್ನದ ಮನರಂಜನೆ. ಆ ಅಂಕಿ ಹೊಸ ಸೆಲ್ಲು ಹಾಕಿದ ಮೊದಲ ಕೆಲವು ನಿಮಿಷದ ಮಾತು. ಆಮೇಲೆ ಎಷ್ಟು ಹೊತ್ತು, ಎಷ್ಟು ಬೆಳಕು ಎಂಬುದನ್ನು ಡಬ್ಬಿ ಹೇಳುವುದಿಲ್ಲ, ನಾನು ಹೇಳುತ್ತೇನೆ.

ಇಂಥ ನನ್ನ ಅಂಗಡಿಗೆ ಈ ವರ್ಷ ನನ್ನ ಸ್ವಂತ ಅವ್ವ ಒಂದರ ಹಿಂದೊಂದು ಮೂರು ಬ್ಯಾಟರಿ ವಾಪಸು ಕಳಿಸಿದಳು.

ಅವ್ವನ ಹೆಸರು ಮುತ್ತವ್ವ. ರಬಕವಿಯ ನಮ್ಮ ಮನೆಯಲ್ಲಿ ಇವತ್ತಿಗೂ ನೆಲದ ಕುಣಿಯಲ್ಲಿ ಕಾಲು ಇಳಿಬಿಟ್ಟು ಕೈಮಗ್ಗ ನೇಯುತ್ತಾಳೆ. ಓಣಿಯ ಉಳಿದ ಮನೆಗಳಲ್ಲೆಲ್ಲ ಪವರ್‌ಲೂಮುಗಳ ಗದ್ದಲ. ಆದರೂ ಅವಳ ಮಗ್ಗವನ್ನು ಕೀಳಲು ಓಣಿ ಬಿಟ್ಟಿಲ್ಲ, ಅದಕ್ಕೆ ಕಾರಣವಿದೆ. ಪ್ರತಿ ವರ್ಷ ಹೋಳಿ ಮುಗಿದ ಮೇಲೆ ನಮ್ಮವರು ಕಂಬಿಯೆಂಬ ದೇವರ ಕೋಲನ್ನು ಹೆಗಲ ಮೇಲೆ ಹೊತ್ತು ಶ್ರೀಶೈಲಕ್ಕೆ ನಡೆದು ಹೊರಡುತ್ತಾರೆ, ಯುಗಾದಿಯ ಹೊತ್ತಿಗೆ ಮುಟ್ಟುತ್ತಾರೆ. ಅಲ್ಲಿಯ ದೇವರು ಮಲ್ಲಯ್ಯ ನಮಗೆ ಅಳಿಯ, ಭ್ರಮರಾಂಬೆ ನಮ್ಮ ಮಗಳು. ಮಗಳ ಮನೆಗೆ ಬರಿಗೈಲಿ ಹೋಗುವುದುಂಟೆ? ಓಣಿಯ ಪರವಾಗಿ ಅವಳಿಗೊಂದು ಸೀರೆ ಹೋಗುತ್ತದೆ. ಆ ಸೀರೆ ಅವ್ವನ ಮಗ್ಗದ ಮೇಲೆಯೇ ಆಗಬೇಕು. ಮನೆಗೊಬ್ಬ ಹೆಣ್ಣುಮಗಳು ಬಂದು ಕುಣಿಗಿಳಿದು ಒಂದು ಗೇಣು ನೇಯ್ದು ಏಳುತ್ತಾಳೆ, ಸೆರಗು ಮಾತ್ರ ಅವ್ವನದು. ಆ ಸೀರೆಯ ಗಂಟನ್ನು ತಲೆಯ ಮೇಲೆ ಹೊತ್ತು ಶ್ರೀಶೈಲದವರೆಗೆ ನಡೆಯುವವಳೂ ಅವ್ವನೇ. ಅವಳ ಅತ್ತೆ ಹೊತ್ತಿದ್ದಳು, ಆಮೇಲೆ ಇವಳು. ಅಪ್ಪ ತೀರಿಕೊಂಡ ವರ್ಷವೂ ಅವಳು ತಪ್ಪಿಸಲಿಲ್ಲ.

ಅದು ಬಿಸಿಲಿನ ಕಾಲ. ಹಗಲು ಗಿಡದ ಬುಡದಲ್ಲಿ ಮಲಗಿ, ಇಳಿಹೊತ್ತಿನಲ್ಲಿ ಮತ್ತು ಬೆಳಗಿನ ಜಾವದಲ್ಲಿ ನಡೆಯುತ್ತಾರೆ. ಬೀಳಗಿ ದಾಟುವವರೆಗೆ ನಮ್ಮದೇ ಡಾಂಬರು ರಸ್ತೆ, ಯಾರಿಗೂ ತೊಂದರೆಯಿಲ್ಲ. ಕೊನೆಯಲ್ಲಿ ಕಾಡು ಬರುತ್ತದೆ. ಕಲ್ಲು, ಬೇರು, ಇಳಿಜಾರು. ಕಳೆದ ವರ್ಷ ಆ ಇಳಿಜಾರಿನಲ್ಲಿ ಅವ್ವ ದಾರಿ ಬಿಟ್ಟು ಕಾಲಿಟ್ಟು ಉರುಳಿದಳು. ಗಂಟು ಮಾತ್ರ ಬಿಡಲಿಲ್ಲ. ಅವಳನ್ನು ಹಿಡಿಯಲು ಹೋದ, ಜೊತೆಗೆ ನಡೆಯುತ್ತಿದ್ದ ಓಣಿಯ ಕಾಮಣ್ಣನೂ ಬಿದ್ದು ಮುಂಗೈ ಮುರಿದುಕೊಂಡ. ಅದಕ್ಕೇ ಕಂಬಿಯ ಹಿರಿಯ ಶಿವಯೋಗೆಪ್ಪ ಈ ವರ್ಷ ಮೊದಲೇ ಸಾರಿಬಿಟ್ಟಿದ್ದ: ಕಾಡಿನಲ್ಲಿ ಕಾಲು ಗಟ್ಟಿ ಇಲ್ಲದವರು ಬಸ್ಸು ಹತ್ತಬೇಕು, ಸೀರೆ ನಡೆಯುವವರ ತಲೆಯ ಮೇಲೆ ಹೋಗಬೇಕು. ಅವ್ವ ತಪ್ಪನ್ನೆಲ್ಲ ಬ್ಯಾಟರಿಯ ಮೇಲೆ ಹಾಕಿದಳು.

“ಆ ಸುಡಗಾಡ ಬ್ಯಾಟರಿ ಮುಂದಿನ ಕಲ್ಲ ತೋರಸಲಿಲ್ಲ. ಈ ಸಲ ಒಂದ ಛಲೋದು ಕೊಡಪಾ ಮಲ್ಲೂ. ಇನ್ನೊಮ್ಮಿ ಬಿದ್ದರ ನನ್ನ ಬಸ್ಸಿಗೆ ಹತ್ತಸತಾನ ಶಿವಯೋಗೆಪ್ಪ” ಎಂದಳು.

ಕೊಟ್ಟೆ. ಮೊದಲನೆಯದು ಅಲ್ಯೂಮಿನಿಯಂ ಮೈಯದ್ದು, ಬೆಳಕು ಹೊಳೆಯ ಆಚೆ ದಡ ಮುಟ್ಟುವಂಥದ್ದು. ಬೆಳಿಗ್ಗೆ ನನ್ನ ಊಟದ ಡಬ್ಬಿಯ ಪಕ್ಕದಲ್ಲಿ ಅದು ಮಲಗಿತ್ತು. “ಬೆಳಕ ಮುಂದ ಬೀಳವಲ್ದು” ಎಂದಳು. ಸರಿ, ದೂರದ್ದು ಬೇಡವೆಂದು ಹತ್ತಿರದಲ್ಲೇ ಅಗಲವಾಗಿ ಹರಡುವುದನ್ನು ಕೊಟ್ಟೆ. ಅದು “ಮಬ್ಬ ಐತಿ” ಎಂದು ಮರಳಿತು. ಮೂರನೆಯದು ಹಣೆಗೆ ಕಟ್ಟುವ ದೀಪ. “ತಲಿಗೆ ಇದನ್ನ ಕಟ್ಟಿಕೊಂಡ ಮ್ಯಾಲ ಸೀರಿ ಗಂಟ ಎಲ್ಲಿ ಇಡಲಿ, ನಿನ್ನ ತಲಿ ಮ್ಯಾಲೇನು?” ಎಂದು ಅದನ್ನೂ ತಳ್ಳಿದಳು. ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಓಣಿಗೆಲ್ಲ ಪರಿಚಿತ. ಅದಕ್ಕೆ ಹೆಚ್ಚು ಕಾರಣ ಬೇಕಾಗುವುದಿಲ್ಲ.

“ಹಂಗಾರ ಸೂರ್ಯನ್ನ ತಂದ ಕೊಡಲೇನು?” ಎಂದೆ.

ನನ್ನ ಹೆಂಡತಿ ಉಜ್ವಲಾ ನಗರಸಭೆಯ ಕಚೇರಿಗೆ ಹೊರಟವಳು ಚಪ್ಪಲಿ ಮೆಟ್ಟುತ್ತಲೇ ನಕ್ಕಳು. “ಊರಿಗೆಲ್ಲಾ ಬೆಳಕ ಮಾರತೀರಿ. ಮನ್ಯಾಗಿನ ಒಂದ ಗಿರಾಕಿನ್ನ ಒಪ್ಪಸಾಕ ಆಗವಲ್ದಲ್ರೀ ನಿಮಗ.”

ಈ ಮಾತು ಚೆನ್ನಾಗಿ ನಾಟಿತು. ಮರುದಿನವೇ ಅಂಗಡಿಗೆ ಕೀಲಿ ಹಾಕಿ ಮುಧೋಳದ ಬಸ್ಸು ಹತ್ತಿದೆ.

ಮುಧೋಳದಲ್ಲಿ ತುಕಾರಾಮ ಎಂಬ ಸಗಟು ವ್ಯಾಪಾರಿ ಇದ್ದಾನೆ. ನನಗೆ ಸಾಮಾನು ಕೊಡುವವನೂ ಅವನೇ, ನನ್ನೊಡನೆ ವಾದ ಮಾಡಿ ದಣಿಯದ ಒಬ್ಬನೇ ಮನುಷ್ಯನೂ ಅವನೇ. ಕೌಂಟರಿನ ಮೇಲೆ ಬ್ಯಾಟರಿಗಳನ್ನೆಲ್ಲ ಸಾಲಾಗಿ ನಿಲ್ಲಿಸಿ ಅವನು ಕೇಳಿದ: “ನಡಿಯೋ ದಾರಿ ಎಂಥಾದ್ದು?” ಹೇಳಿದೆ. “ಹಂಗಾರ ಹಣಿ ಮ್ಯಾಲಿಂದು ಬ್ಯಾಡ. ಕಣ್ಣಿನ ಸಮಕ್ಕ ದೀಪ ಇದ್ದರ ಕಲ್ಲಿನ ನೆರಳ ಕಲ್ಲಿನ ಹಿಂದ ಅಡಗತೈತಿ, ದಾರಿ ಎಲ್ಲಾ ಸಪಾಟ ಕಾಣತೈತಿ. ಕೈಯಾಗ ತಗ್ಗಿನ್ಯಾಗ ಹಿಡದರ ನೆರಳ ಉದ್ದ ಬೀಳತೈತಿ, ತಗ್ಗು ದಿನ್ನಿ ಗೊತ್ತಾಕ್ಕತಿ.” ಅದು ನನಗೂ ಗೊತ್ತಿದ್ದ ಮಾತು. ಆದರೆ ಅವ್ವನ ಒಂದು ಕೈ ತಲೆಯ ಗಂಟಿಗೆ, ಇನ್ನೊಂದು ಕೈ ಕೋಲಿಗೆ. ಬ್ಯಾಟರಿ ಹಿಡಿಯಲು ಮೂರನೆಯ ಕೈ ಎಲ್ಲಿಂದ ತರುವುದು? ಬಹಳ ಹೊತ್ತು ವಾದ ಮಾಡಿ, ಕೊನೆಗೆ ಪಟ್ಟಿ ತೆಳ್ಳಗಿರುವ, ಗಂಟಿನ ಕೆಳಗೆ ಹಣೆಯ ಮೇಲೆ ಕೂರುವ, ಬೆಳಕನ್ನು ಕೆಳಗೆ ಬಾಗಿಸಬಹುದಾದ ಒಂದು ತಲೆದೀಪ ಆರಿಸಿದೆವು. ಬೆಳಕು ಹಾಲಿನಂತೆ ಬಿಳಿಯಲ್ಲ, ಸ್ವಲ್ಪ ಹಳದಿ. ಮಣ್ಣಿನ ಮೇಲೆ ಕಲ್ಲು ಬೇರೆಯಾಗಿ ಎದ್ದು ಕಾಣುತ್ತದೆ. ಸಾದಾ ಸೆಲ್ಲಿನ ಮೇಲೆ ನಡೆಯುತ್ತದೆ, ಆ ಸೆಲ್ಲು ಯಾವ ಹಳ್ಳಿಯ ಕಿರಾಣಿ ಅಂಗಡಿಯಲ್ಲೂ ಸಿಗುತ್ತದೆ. ಚಾರ್ಜ್ ಮಾಡುವಂಥದ್ದನ್ನು ಕಾಡಿನಲ್ಲಿ ಯಾವ ಮರಕ್ಕೆ ಚುಚ್ಚುವುದು?

ಹೊರಡುವಾಗ ತುಕಾರಾಮ ಒಂದು ಚಿಕ್ಕ ನೀರಿನ ಫಿಲ್ಟರನ್ನೂ ಕೈಗಿಟ್ಟ. ಬಾಟಲಿಯ ಬಾಯಿಗೆ ತಿರುಗಿಸಿ ಕೂರಿಸುವಂಥದ್ದು. ಕಳೆದ ವರ್ಷ ಹಳ್ಳದ ನೀರು ಕುಡಿದು ಕಂಬಿಯವರಲ್ಲಿ ಅರ್ಧ ಜನಕ್ಕೆ ಹೊಟ್ಟೆ ಕೆಟ್ಟಿದ್ದು ಅವನಿಗೂ ಗೊತ್ತಿತ್ತು.

ಮನೆಗೆ ಬಂದು ಮೊದಲು ಫಿಲ್ಟರ್ ತೋರಿಸಿದೆ. ಅವ್ವ ಅದನ್ನು ಅಂಗೈಯಲ್ಲಿ ತಿರುಗಿಸಿ, ತುದಿಯನ್ನು ಬೆರಳಿನಿಂದ ಸವರಿ, “ಇದರೊಳಗ ನೂಲ ಐತೇನು?” ಎಂದಳು. ನೂಲೇ ಅನ್ನು, ಆದರೆ ಒಂದೊಂದು ಎಳೆಯೂ ಒಳಗೆ ಪೊಳ್ಳು, ಎಳೆಯ ಮೈಯಲ್ಲಿ ಕಣ್ಣಿಗೆ ಕಾಣದ ತೂತು. ನೀರು ದಾಟುತ್ತದೆ, ರೋಗದ ಹುಳ ದಾಟುವುದಿಲ್ಲ ಎಂದೆ. ಧೋತರ ನಾಲ್ಕು ಮಡಿಕೆ ಮಾಡಿ ಸೋಸಿದರೆ ಮಣ್ಣು ನಿಲ್ಲುತ್ತದೆಯೇ ಹೊರತು ಹುಳ ನಿಲ್ಲುವುದಿಲ್ಲ ಎಂದೂ ಹೇಳಿದೆ. ಅವಳು ಬಾಟಲಿ ಹಿಂಡಿ ನೋಡಿದಳು. ನೀರು ಸಣ್ಣಗೆ ಬಂತು. “ಹೊಲಸ ತುಂಬಿದರ?” ಎಂದಳು. ಸ್ವಚ್ಛ ನೀರನ್ನು ಉಲ್ಟಾ ಹಿಂಡಬೇಕು ಎಂದೆ. ಹಿಂಡಿದಳು, ಮತ್ತೆ ಸರಿಯಾಗಿ ಕೂರಿಸಿದಳು. ಒಮ್ಮೆ ತೋರಿಸಿದ್ದಕ್ಕೆ ಕಲಿತುಬಿಟ್ಟಳು. “ಇದು ಛಲೋ ಐತಿ. ಕೈಗೆ ಗೊತ್ತಾಕ್ಕತಿ” ಎಂದು ಚೀಲಕ್ಕೆ ಹಾಕಿಕೊಂಡೇಬಿಟ್ಟಳು. ಫಿಲ್ಟರಿಗೆ ಇಲ್ಲದ ತಕರಾರು ಬ್ಯಾಟರಿಗೆ ಯಾಕೆ ಎಂದು ನಾನು ಆಗ ಯೋಚಿಸಲಿಲ್ಲ.

ತಲೆದೀಪವನ್ನು ಮನೆಯಲ್ಲಿ ಕೊಟ್ಟು ಮತ್ತೆ ಬೆಳಿಗ್ಗೆ ಡಬ್ಬಿಯ ಪಕ್ಕದಲ್ಲಿ ನೋಡುವ ಮನಸ್ಸು ನನಗಿರಲಿಲ್ಲ. “ನಡಿ, ಹೊಳಿ ದಂಡೀಗೆ ಹೋಗೂಣು. ನನ್ನ ಎದುರಿಗೇ ನೋಡು, ನನ್ನ ಎದುರಿಗೇ ಹೇಳು” ಎಂದು ಕರೆದುಕೊಂಡು ಹೋದೆ. ಕೃಷ್ಣೆಯ ನೀರು ತಗ್ಗಿತ್ತು. ಹೊಳೆಗೆ ಇಳಿಯುವ ಪಾವಟಿಗೆಗಳ ಮೇಲೆ ಕೂತು ಹೊತ್ತು ಮುಳುಗಿ ಆಚೆ ದಡ ಕಪ್ಪಾಗುವವರೆಗೆ ಕಾದೆವು. ಆಮೇಲೆ ಅವಳ ಹಣೆಗೆ ದೀಪ ಕಟ್ಟಿ, ಗುಂಡಿ ಎಲ್ಲಿದೆಯೆಂದು ಬೆರಳು ಮುಟ್ಟಿಸಿ ತೋರಿಸಿ, “ಒತ್ತು, ಒತ್ತಿ ಕೆಳಗ ಇಳಿ” ಎಂದೆ. ಅಷ್ಟರಲ್ಲಿ ಫೋನು ಬಂತು, ಯಾರೋ ಗಿರಾಕಿ. ನಾನು ಆಚೆ ತಿರುಗಿ ಮಾತಾಡಿದೆ. ಗುಂಡಿ ಟಿಕ್ಕೆಂದದ್ದು ಕೇಳಿಸಿತು.

“ಹೆಂಗ ಐತಿ?” ಎಂದು ಬೆನ್ನು ಹಾಕಿಯೇ ಕೇಳಿದೆ.

“ಛಲೋ ಐತಿ ನೋಡು. ಈಗ ಎಲ್ಲಾ ಕಾಣಾಕತ್ತೈತಿ.”

ಗೆದ್ದೆ ಎಂದುಕೊಂಡು ತಿರುಗಿದೆ. ಅವ್ವ ಪಾವಟಿಗೆ ಇಳಿಯುತ್ತಿದ್ದಳು. ಅವಳ ಮುಂದೆ ಬೆಳಕಿರಲಿಲ್ಲ. ಚೀಲದೊಳಗೆ ತಾನಾಗಿ ಹತ್ತಿಕೊಂಡು ಸೆಲ್ಲು ಖಾಲಿಯಾಗದಿರಲೆಂದು ಇಂಥ ದೀಪಗಳಿಗೆ ಒಂದು ಬೀಗವಿರುತ್ತದೆ. ಗುಂಡಿಯನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಮಾತ್ರ ಬಿಡುತ್ತದೆ. ನಾನು ಅದನ್ನು ಬಿಚ್ಚಿರಲಿಲ್ಲ. ದೀಪ ಹತ್ತೇ ಇರಲಿಲ್ಲ. ಅವ್ವ ಕತ್ತಲಲ್ಲಿ, ಒಂದೊಂದೇ ಕಾಲನ್ನು ಕಲ್ಲಿನ ಅಂಚಿಗೆ ತಾಗಿಸಿ, ಎಲ್ಲ ಕಾಣುವವಳ ಹಾಗೆ ಇಳಿಯುತ್ತಿದ್ದಳು.

ಓಡಿಹೋಗಿ ಅವಳ ತೋಳು ಹಿಡಿದೆ. “ಯವ್ವಾ, ದೀಪ ಹತ್ತಿಲ್ಲ.”

ಅವಳು ನಿಂತಳು. ಹಣೆಗೆ ಕೈ ಹೋಯಿತು. ನಾನು ಗುಂಡಿ ಒತ್ತಿ ಹಿಡಿದೆ, ಹಳದಿ ಬೆಳಕು ಪಾವಟಿಗೆಗಳ ಮೇಲೆಲ್ಲ ಬಿತ್ತು. ಅವ್ವನ ಮುಖದಲ್ಲಿ ಏನೂ ಬದಲಾಗಲಿಲ್ಲ. ಹತ್ತಿತೋ ಇಲ್ಲವೋ ಎಂದು ನನ್ನ ಉಸಿರಿನ ಕಡೆ ಕಿವಿಗೊಟ್ಟು ನಿಂತಿದ್ದಳು. ಅದಕ್ಕಿಂತ ದುಃಖದ ನೋಟವನ್ನು ನಾನು ಈವರೆಗೆ ಕಂಡಿಲ್ಲ.

“ಯಾವಾಗಿಂದ?” ಎಂದೆ.

ಅವಳು ಅಲ್ಲಿಯೇ ಕಲ್ಲಿನ ಮೇಲೆ ಕೂತಳು. “ಯಾವಾಗಿಂದ ಅಂತ ಹೆಂಗ ಹೇಳಲಿ? ಮೊದಲ ಬಾಜೂಕಿಂದು ಹೋತು. ಆಮ್ಯಾಲ ಸಂಜೀದು ಹೋತು. ಹಗಲಾಗ ಎದುರಿಗಿದ್ದದ್ದು ಕಾಣತೈತಿ. ನಿನ್ನ ಮಾರಿ ಕಾಣತೈತಿ. ಕತ್ತಲಾತಂದ್ರ ಕೊಡದಾಗ ತಲಿ ಹಾಕಿದಂಗ.”

“ಮತ್ತ ಮಗ್ಗ ಹೆಂಗ ನೇಯತಿ? ಸಂಜೀಮಟಾ ಲಾಳಿ ಸಪ್ಪಳ ಕೇಳಸತೈತಲ್ಲ?”

“ಮಗ್ಗಕ್ಕ ಕಣ್ಣ ಯಾಕ ಬೇಕೋ? ಎಳಿ ಹರದರ ಬೆರಳಿಗೆ ಗೊತ್ತಾಕ್ಕತಿ, ಗಂಟ ಬಿದ್ದರ ಬೆರಳಿಗೆ ಗೊತ್ತಾಕ್ಕತಿ.”

ಮನೆಯಲ್ಲಿ ಯಾರಿಗೂ ತಿಳಿಯದೆ ಹೋದದ್ದು ಹೀಗೆ. ಮಗ್ಗದ ಸಪ್ಪಳ ಒಂದು ದಿನವೂ ನಿಂತಿರಲಿಲ್ಲ. ಸಪ್ಪಳ ಕೇಳುತ್ತಿದೆ ಎಂದರೆ ಅವ್ವ ಚೆನ್ನಾಗಿದ್ದಾಳೆ ಎಂದು ನಾವು ತಿಳಿದಿದ್ದೆವು. ಸೀರೆಯಲ್ಲಿ ಒಂದು ಎಳೆಯೂ ತಪ್ಪಿರಲಿಲ್ಲ.

“ಹಂಗಾರ ನನ್ನ ಹಂತೇಲೆ ಬ್ಯಾಟರಿ ಯಾಕ ಕೇಳಿದಿ? ಮೂರ ಸಲ ಯಾಕ ವಾಪಸ ಕೊಟ್ಟಿ?” ಎಂದೆ. ನನ್ನ ದನಿ ಏರಿತ್ತು, ಅಳು ಬಂದರೂ ನನಗೆ ದನಿ ಏರುವುದೊಂದೇ ಗೊತ್ತು.

“ಒಂದಿಲ್ಲಾ ಒಂದ ನನಗ ಸಾಲತೈತಿ ಅಂತ ಮಾಡಿದ್ದೆ” ಎಂದಳು ಅವ್ವ. “ನಿನ್ನ ಅಂಗಡ್ಯಾಗ ಅಷ್ಟ ಥರಾ ಅದಾವಲ್ಲ. ಇದಲ್ಲ ಅಂದ್ರ ಮುಂದಿಂದು, ಮುಂದಿಂದಲ್ಲ ಅಂದ್ರ ಅದರ ಮುಂದಿಂದು. ಇವತ್ತ ಮತ್ತ ಒಲ್ಲೆ ಅಂದ್ರ ನೀ ಬೈತಿದ್ದಿ. ಅದಕ್ಕ ಕಾಣತೈತಿ ಅಂದೆ.”

ನಾನು ಅವಳ ಪಕ್ಕದಲ್ಲಿ ಕೂತೆ. ಹಣೆಯ ದೀಪ ಸುಮ್ಮನೆ ಉರಿಯುತ್ತಿತ್ತು, ಅದನ್ನು ಆರಿಸಬೇಕೆಂದು ಇಬ್ಬರಿಗೂ ತೋಚಲಿಲ್ಲ.

“ಯಾರ ಮುಂದೂ ಹೇಳಬ್ಯಾಡ, ಮಲ್ಲೂ” ಎಂದಳು ಏಳುವಾಗ.

ಮರುದಿನ ಅವಳನ್ನು ಜಮಖಂಡಿಯ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ದೆ. ಯಂತ್ರಗಳ ಮುಂದೆ ಗದ್ದ ಊರಿಸಿ ಕೂರಿಸಿ ಬಹಳ ಹೊತ್ತು ನೋಡಿದರು. ಕಣ್ಣಿನ ನರ ಒಣಗುತ್ತಿದೆ, ಹೋದದ್ದು ಮರಳುವುದಿಲ್ಲ, ಉಳಿದದ್ದನ್ನು ಕಾಯಲು ದಿನಾ ಹನಿ ಬಿಡಬೇಕು ಎಂದರು. ಕತ್ತಲಲ್ಲಿ ಒಬ್ಬಳೇ ಓಡಾಡಬಾರದು. ಹಗಲು ನಡೆಯಲು ತೊಂದರೆಯಿಲ್ಲ, ಕಾಲು, ಎದೆ ಗಟ್ಟಿಯಾಗಿವೆ. ಬಸ್ಸಿನಲ್ಲಿ ಬರುವಾಗ ನಾನು ಈ ವರ್ಷದ ನಡಿಗೆ ಸಾಕು ಎಂದೆ. ಅವಳು ಜಗಳಾಡುತ್ತಾಳೆಂದು ಸಿದ್ಧನಾಗಿದ್ದೆ. “ಸೆರಗ ಮುಗಸತೇನಿ. ಒಯ್ಯೋರ ಒಯ್ಯಲಿ” ಎಂದಷ್ಟೇ ಹೇಳಿ ಕಿಟಕಿಯ ಕಡೆ ಮುಖ ಮಾಡಿದಳು. ಅವ್ವ ಜಗಳಾಡದೆ ಬಿಟ್ಟದ್ದು ನನಗೆ ಯಾವ ಡಾಕ್ಟರ ಮಾತಿಗಿಂತ ಹೆಚ್ಚು ಹೆದರಿಕೆ ಹುಟ್ಟಿಸಿತು.

ಸಂಜೆ ನಾನೇ ಬನಹಟ್ಟಿಗೆ, ಶಿವಯೋಗೆಪ್ಪನ ಹತ್ತಿರ ಹೋದೆ. ಅವನಿಗೆ ಅಲ್ಲಿ ಪವರ್‌ಲೂಮುಗಳಿವೆ. ಒಳಗೆ ಮಾತು ಕೇಳಿಸುವುದಿಲ್ಲವೆಂದು ಹೊರಗಿನ ಕಟ್ಟೆಗೆ ಬಂದು ಕೂತ. ಅವ್ವ ಈ ವರ್ಷ ಬರುವುದಿಲ್ಲ, ಸೀರೆಯನ್ನು ಬೇರೆ ಯಾರಾದರೂ ಹೊರಲಿ ಎಂದು ಹೇಳಿ, ಕಾರಣವನ್ನೂ ಹೇಳಿಬಿಟ್ಟೆ.

ಅವನಿಗೆ ಆಶ್ಚರ್ಯವಾಗಲಿಲ್ಲ. “ಹೋದ ವರ್ಷ ಕಾಡಿನ್ಯಾಗ ಬಿದ್ದಾಗನ ನನಗ ಗೊತ್ತಾತು” ಎಂದ.

“ಗೊತ್ತಿದ್ದೂ ಸುಮ್ಮನಿದ್ರೇನು? ಅದಕ್ಕ ಈ ಬಸ್ಸಿನ ಕಾಯ್ದೆ ಮಾಡಿದ್ರಿ?”

“ಮಲ್ಲಿನಾಥಾ, ಸಿಟ್ಟ ಆಮ್ಯಾಲ ಮಾಡು, ಮೊದಲ ಕೇಳು. ನಮ್ಮ ಗುಂಪಿನ್ಯಾಗ ಒಬ್ಬಾವಗ ಕಾಲ ಸೊಟ್ಟ ಐತಿ. ಮುದಕಪ್ಪಗ ಕಿವಿ ಕೇಳೂದಿಲ್ಲ. ಇಬ್ಬರೂ ನಡೀತಾರ. ಯಾಕಂದ್ರ ಅವರು ಹೇಳ್ಯಾರ, ನಾವು ಹಿಡಕೋತೇವಿ. ನಿನ್ನ ಅವ್ವ ಹೇಳಿಲ್ಲ. ಅವತ್ತ ಕಾಮಣ್ಣ ಕೈ ಹಿಡಿಯಾಕ ಹೋದರ, ನನಗ ಕಾಣತೈತಿ ಬಿಡೋ ಅಂತ ಕೈ ಕೊಡವಿದಳು. ಕೊಡವಿದ್ದಕ್ಕ ಇಬ್ಬರೂ ಉರುಳಿದರು. ಕಣ್ಣ ಕಾಣದವರನ್ನ ಕರಕೊಂಡ ಹೋಗಬಹುದು. ಕಾಣತೈತಿ ಅನ್ನೋರನ್ನ ಹೆಂಗ ಕರಕೊಂಡ ಹೋಗೂದು?”

“ಹಂಗಾರ ನಾ ಆಕಿಗೆ ಹೇಳತೇನಿ, ಬಂದ ನಿಮ್ಮ ಮುಂದ ಹೇಳತಾಳ” ಎಂದೆ.

“ಬ್ಯಾಡ. ನೀ ಹೇಳಿಸಿದರ ಅದು ನಿನ್ನ ಮಾತ ಆಕ್ಕತಿ. ಕಾಡಿನ್ಯಾಗ ಮತ್ತ ಕೈ ಕೊಡವತಾಳ. ಹೊರಡೋ ದಿವಸ, ಕಂಬಿ ಏಳೂದರೊಳಗ, ಎಲ್ಲಾರ ಮುಂದ ತಾನಾಗಿ ಹೇಳಲಿ. ಹೇಳಿದರ ಶ್ರೀಶೈಲದ ಮಟಾ ನಡೀತಾಳ, ನನ್ನ ಮಾತ ಇದು. ಹೇಳಲಿಲ್ಲಂದ್ರ ನಾನ ಸೀರಿ ಇಸಕೊಂಡ ಆಕಿನ್ನ ಮನೀಗೆ ಕಳಸತೇನಿ.”

ಮನೆಗೆ ಬಂದು ಅವ್ವನಿಗೆ, ನೀನು ಹೊರಡು, ನಾನು ಬೇಡ ಅನ್ನುವುದಿಲ್ಲ ಎಂದೆ. ಕುಣಿಯಲ್ಲಿ ಕೂತಿದ್ದವಳ ಮುಖ ಅರಳಿತು. “ಯಾರ ಮುಂದೂ ಹೇಳಿಲ್ಲಲ್ಲ?” ಎಂದಳು. ಇಲ್ಲ ಎಂದು ಸುಳ್ಳು ಹೇಳಿದೆ. ಅವಳು ಈ ಗುಟ್ಟನ್ನು ಸೀರೆಯ ಜೊತೆಗೇ ಗಂಟು ಕಟ್ಟಿಕೊಂಡು ಹೊರಡುವವಳಿದ್ದಾಳೆ ಎಂದು ನನಗೆ ಖಾತ್ರಿಯಾಯಿತು.

ಆ ದಿನಗಳು ನನಗೆ ಬಹಳ ಕಷ್ಟವಾದವು. ನಾನು ಮಾತನ್ನು ಹೊಟ್ಟೆಯಲ್ಲಿ ಇಟ್ಟುಕೊಳ್ಳುವ ಮನುಷ್ಯನಲ್ಲ. ಊಟಕ್ಕೆ ಕೂತಾಗಲೆಲ್ಲ ನಾಲಿಗೆಯ ತುದಿಗೆ ಬರುತ್ತಿತ್ತು. ನಾನು ಎಲ್ಲ ಹೇಳಿಕೊಂಡಿದ್ದ ಉಜ್ವಲಾ ನನ್ನ ತಾಟಿಗೆ ಇನ್ನೊಂದು ರೊಟ್ಟಿ ಹಾಕಿ ಬಾಯಿ ಮುಚ್ಚಿಸುತ್ತಿದ್ದಳು. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಬಂದು ತಮ್ಮ ಗೇಣು ನೇಯ್ದು ಹೋದರು. ಪಕ್ಕದ ಮನೆಯ ರುಕ್ಮವ್ವ ಕೊನೆಗೆ ಬಂದಳು. ಅವಳೂ ಅವ್ವನೂ ಒಂದೇ ವರ್ಷ ಈ ಓಣಿಗೆ ಸೊಸೆಯರಾಗಿ ಬಂದವರು, ಅಂದಿನಿಂದ ಜಗಳವಾಡುತ್ತಲೇ ಇದ್ದಾರೆ, ಪ್ರತಿ ವರ್ಷ ಜೊತೆಯಲ್ಲೇ ನಡೆಯುತ್ತಾರೆ. ಅವತ್ತೂ ನೇಯ್ಗೆ ಸಡಿಲವಾಯಿತು, ಬಿಗಿಯಾಯಿತು ಎಂದು ಇಬ್ಬರೂ ವಾದಿಸಿದರು. ಆಮೇಲೆ ಅವ್ವ ಕುಣಿಗಿಳಿದು ಸೆರಗು ಹಿಡಿದಳು. ಹಸಿರು ಒಡಲು, ಕೆಂಪು ಸೆರಗು. ನಾನು ಬಾಗಿಲಲ್ಲಿ ನಿಂತು ಅವಳ ಬೆರಳುಗಳನ್ನೇ ನೋಡಿದೆ. ಅವು ಎಳೆಗಳ ಮೇಲೆ ಓಡಾಡುತ್ತಿದ್ದವು, ಅವಳ ಕಣ್ಣು ಮಾತ್ರ ಎದುರಿನ ಗೋಡೆಯ ಮೇಲಿತ್ತು. ಇಷ್ಟು ವರ್ಷ ನಾನು ಇದೇ ಬಾಗಿಲಲ್ಲಿ ಚಪ್ಪಲಿ ಹಾಕಿಕೊಂಡು ಅಂಗಡಿಗೆ ಹೋಗಿದ್ದೆ.

ನನ್ನ ಕೈಲಾದದ್ದು ಒಂದೇ, ಬ್ಯಾಟರಿ. ಕಂಬಿಯವರೆಲ್ಲರಿಗೂ ಈ ವರ್ಷ ನನ್ನ ಅಂಗಡಿಯಿಂದಲೇ ಎಂದು ಶಿವಯೋಗೆಪ್ಪನಿಗೆ ಹೇಳಿ ಕಳಿಸಿದೆ. ಆರಿಸಲು ಕೂತಾಗ ನನ್ನ ಹಳೆಯ ಲೆಕ್ಕಗಳು ಸರಿಹೋಗಲಿಲ್ಲ. ಇಷ್ಟು ದಿನ ಒಬ್ಬ ಮನುಷ್ಯ, ಅವನ ಕಣ್ಣು, ಅವನ ಕಾಲಿನ ಮುಂದಿನ ನೆಲ, ಇಷ್ಟನ್ನೇ ನೋಡಿ ಬೆಳಕು ಮಾರಿದ್ದೆ. ಸಾಲಿನಲ್ಲಿ ನಡೆಯುವವರ ವಿಷಯವೇ ಬೇರೆ. ತಲೆದೀಪ ಕಟ್ಟಿಕೊಂಡವನು ಮಾತಾಡಲು ಹಿಂದೆ ತಿರುಗಿದರೆ ಹಿಂದಿನವನ ಕಣ್ಣು ಕುಕ್ಕುತ್ತದೆ. ಅತಿ ಪ್ರಖರವಾದದ್ದನ್ನು ಹಿಡಿದವನಿಗೆ ತನ್ನ ದಾರಿ ಕಾಣುತ್ತದೆ, ಅವನ ಮುಂದಿನವನಿಗೆ ತನ್ನದೇ ನೆರಳು ಅಡ್ಡ ಬೀಳುತ್ತದೆ. ಅಡುಗೆ ಮಾಡುವ ಇಬ್ಬರಿಗೆ ಮಾತ್ರ ತಲೆದೀಪ ಇಟ್ಟು, ಉಳಿದವರಿಗೆಲ್ಲ ಸಾದಾ ಸೆಲ್ಲಿನ, ಸೌಮ್ಯ ಬೆಳಕಿನ, ತಗ್ಗಿಸಿ ಹಿಡಿಯುವ ಕೈಬ್ಯಾಟರಿ ಆರಿಸಿದೆ. ತುಕಾರಾಮನಿಂದ ಇನ್ನೆರಡು ಫಿಲ್ಟರ್ ತರಿಸಿದೆ. ಅವ್ವನ ಹೆಸರಿನಲ್ಲೂ ಒಂದು ಬ್ಯಾಟರಿ ಇಟ್ಟೆ. ಇಡದಿದ್ದರೆ ಅವಳಿಗೆ ಅನುಮಾನ ಬರುತ್ತಿತ್ತು.

ಹೊರಡುವ ದಿನ ಬೆಳಿಗ್ಗೆ ಓಣಿಯ ಗುಡಿಯ ಮುಂದೆ ಎಲ್ಲರೂ ಸೇರಿದರು. ಬಿಸಿಲು ಆಗಲೇ ಅಂಗಳಕ್ಕೆ ಇಳಿದಿತ್ತು. ಮೊದಲ ದಿನ ಮಾತ್ರ ಊರವರು ಕಳಿಸಿಕೊಡಲೆಂದು ಹಗಲಿನಲ್ಲೇ ಹೊರಡುವುದು ರೂಢಿ. ಗೆಜ್ಜೆ ಕಟ್ಟಿದ ಕಂಬಿ ಗುಡಿಯ ಕಟ್ಟೆಗೆ ಒರಗಿತ್ತು. ಸೀರೆಗೆ ಅರಿಶಿನ ಕುಂಕುಮ ಹಚ್ಚಿ, ಬಿಳಿ ಬಟ್ಟೆಯಲ್ಲಿ ಕಟ್ಟಿ, ಅವ್ವನ ತಲೆಯ ಮೇಲೆ ಇಟ್ಟರು. ನಾನು ಡಬ್ಬಿ ಹಿಡಿದು ಒಬ್ಬೊಬ್ಬರಿಗೇ ಬ್ಯಾಟರಿ ಕೊಡುತ್ತಾ ಬಂದೆ. ಅವ್ವನ ಮುಂದೆ ಬಂದು ಅವಳದನ್ನೂ ಚಾಚಿದೆ. ಅವಳು ಇಸಕೊಂಡಳು. ನಾನು ಅಲ್ಲಿಯೇ ನಿಂತೆ. ಬ್ಯಾಟರಿಯನ್ನು ಸೊಂಟದ ಸೀರೆಯ ಮಡಿಕೆಗೆ ಸಿಕ್ಕಿಸಿಕೊಂಡಳು. ಶಿವಯೋಗೆಪ್ಪ ನಮ್ಮ ಕಡೆಗೇ ನೋಡುತ್ತಿದ್ದ. ಅವಳು ಗುಟ್ಟನ್ನು ಬಿಡುವುದಿಲ್ಲ, ಈಗ ಎಲ್ಲರ ಎದುರಿಗೆ ಅವಳ ತಲೆಯಿಂದ ಗಂಟು ಇಳಿಸುತ್ತಾರೆ ಎಂದುಕೊಂಡೆ. ಬಾಯಿ ಬಿಟ್ಟು ಹೇಳಿಬಿಡುವವನಿದ್ದೆ. ಉಜ್ವಲಾ ಹಿಂದಿನಿಂದ ನನ್ನ ಅಂಗಿ ಹಿಡಿದೆಳೆದಳು.

ಇಬ್ಬರು ಕಂಬಿಗೆ ಹೆಗಲು ಕೊಟ್ಟರು. ಗೆಜ್ಜೆ ಅಲುಗಿದವು. ಶಿವಯೋಗೆಪ್ಪ ಕಟ್ಟೆ ಇಳಿದು ಅವ್ವನ ಕಡೆ ಒಂದು ಹೆಜ್ಜೆ ಇಟ್ಟ.

“ಮಲ್ಲೂ” ಎಂದು ಅವ್ವ ಕರೆದಳು. ಸೊಂಟದಿಂದ ಬ್ಯಾಟರಿ ತೆಗೆದು ನನ್ನ ಕಡೆ ಚಾಚಿದಳು. “ಇದನ್ನ ತಗೋ.”

“ಯಾಕಬೇ, ಇದೂ ಒಪ್ಪಲಿಲ್ಲೇನು?” ರೂಢಿಯಂತೆ ಬಾಯಿಗೆ ಸಿಡುಕೇ ಬಂತು.

“ನನಗ ಯಾವ ಬ್ಯಾಟರಿನೂ ಸಾಲೂದಿಲ್ಲ” ಎಂದಳು ಸಣ್ಣಗೆ. ಹತ್ತಿರವಿದ್ದವರಿಗಷ್ಟೇ ಕೇಳಿಸಿತು. ಅದು ಸಾಲದೆಂದು ಅವಳಿಗೂ ಅನಿಸಿರಬೇಕು. ತಲೆಯ ಗಂಟನ್ನು ಎರಡೂ ಕೈಯಿಂದ ಸರಿ ಮಾಡಿಕೊಂಡು ದೊಡ್ಡ ದನಿಯಲ್ಲಿ ಹೇಳಿದಳು: “ಕತ್ತಲಾತಂದ್ರ ನನಗ ಕಣ್ಣ ಕಾಣೂದಿಲ್ಲ. ಭಾಳ ದಿವಸ ಆತು, ಹೇಳಾಕ ಹೆದರಿದ್ದೆ. ಕಾಮಣ್ಣಾ, ನಿನ್ನ ಕೈ ಮುರದಾಕಿ ನಾನ. ಈ ಬ್ಯಾಟರಿ ನನ್ನ ಮುಂದ ನಡಿಯೋರಿಗೆ ಕೊಡು, ಮಲ್ಲೂ. ಯಾರ ನಡೀತೀರಿ ನನ್ನ ಮುಂದ?”

ಗೆಜ್ಜೆಯ ಸದ್ದೂ ನಿಂತಿತು. ಶಿವಯೋಗೆಪ್ಪ ನಿಂತಲ್ಲೇ ನಿಂತು ಕಣ್ಣೊರೆಸಿಕೊಂಡ. ಆಮೇಲೆ ರುಕ್ಮವ್ವ ಜನರನ್ನು ಮೊಣಕೈಯಿಂದ ಸರಿಸುತ್ತಾ ಬಂದು ನನ್ನ ಕೈಯಿಂದ ಬ್ಯಾಟರಿ ಕಸಿದುಕೊಂಡಳು.

“ಯಾರ ನಡೀತೀರಿ ಅಂತ ಕೇಳತಾಳ ನೋಡ್ರೀ!” ಎಂದಳು. “ಮೂರ ವರ್ಷದಿಂದ ನಿನ್ನ ಮುಂದ ನಡದಾಕಿ ಯಾರಬೇ? ನನ್ನ ದನಿ ಹಿಡಕೊಂಡ ಬರಲಿ ಅಂತ ದಾರಿ ತುಂಬಾ ಒದರಿ ಒದರಿ ಗಂಟಲ ಹರಕೊಂಡೇನಿ. ಹೋದ ವರ್ಷ ಕಾಡಿನ್ಯಾಗ ನನ್ನ ಗಂಟಲ ಕಟ್ಟಿತು. ಅವತ್ತ ನೀ ಬಿದ್ದಿ.”

ಅವ್ವ ಬಾಯಿ ತೆರೆದು ನಿಂತಳು. “ನೀ ಸುಮ್ಮನ ಹರಟಿ ಹೊಡಿಯಾಕತ್ತಿ ಅಂತ ಮಾಡಿದ್ದೆ” ಎಂದಳು.

“ದಿನಾ ಜಗಳಾ ಮಾಡಾಕಿ ಕೂಡ ಅಷ್ಟ ಹರಟಿ ಯಾರ ಹೊಡೀತಾರ? ಈ ಒಂದ ಮಾತ ಹೇಳಾಕ ಇಷ್ಟ ವರ್ಷ ಬೇಕಾತೇನ ನಿನಗ?”

ಅವ್ವ ಅತ್ತಳು. ನಾನೂ ಎಲ್ಲರ ಎದುರಿಗೇ ಅತ್ತೆ, ನಾಚಿಕೆಯಾಗಲಿಲ್ಲ. ಕಂಬಿ ಎದ್ದಿತು. ರುಕ್ಮವ್ವ ಬ್ಯಾಟರಿಯನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದೆ ನಿಂತಳು. ನನಗೆ ಬುದ್ಧಿ ಬಂದಾಗಿನಿಂದ ಯಾರ ಆಸರೆಯನ್ನೂ ಬೇಡದ ನನ್ನ ಅವ್ವ, ಆ ಬೆಳ್ಳಂಬೆಳಗಿನಲ್ಲಿ, ಎಲ್ಲ ಕಾಣುವ ಹೊತ್ತಿನಲ್ಲೇ, ಕೈ ಚಾಚಿ ಅವಳ ಹೆಗಲು ಹಿಡಿದಳು.